ಬೀಗರೂಟದ ವಿಡಿಯೊ ಮತ್ತು ಕಪ್ಪು ಪರದೆ

ಮನೆಯ ಹಳೆಯ ಕಂಪ್ಯೂಟರಿನ ಬೆನ್ನಿನಿಂದ ಬಿಸಿ ಧೂಳಿನ ವಾಸನೆ ಬಂತು. ಹೋದ ಭಾನುವಾರ ಅದರ ಬಯಾಸ್ ಅಪ್‌ಡೇಟ್ ಮಾಡಿದ್ದೆ. ಯಂತ್ರ ಶುರುವಾಗುವಾಗ ಎಲ್ಲಕ್ಕಿಂತ ಮೊದಲು ಏಳುವ ತಂತ್ರಾಂಶ ಅದು. ಹೊಸದಾದ ಕೂಡಲೇ ನಾವು ಮಾಡಿಟ್ಟ ಸೆಟ್ಟಿಂಗುಗಳನ್ನೆಲ್ಲ ಮರೆತಿತ್ತು. ಪರದೆಯ ಚಿತ್ರಕ್ಕೆಂದೇ ಹಾಕಿದ್ದ ಗ್ರಾಫಿಕ್ಸ್ ಕಾರ್ಡನ್ನು ಬಿಟ್ಟು ಮದರ್‌ಬೋರ್ಡಿನ ಕಿಂಡಿಗೇ ಚಿತ್ರ ಕಳಿಸುತ್ತಿತ್ತು. ಪರದೆ ಕಪ್ಪು. ಮಾನಿಟರಿನ ವೈರನ್ನು ಕಾರ್ಡಿನಿಂದ ತೆಗೆದು ಬೋರ್ಡಿಗೆ ಹಾಕಿದೆ, ಚಿತ್ರ ಬಂತು. ಸೆಟ್ಟಿಂಗಿನಲ್ಲಿ ಕಾರ್ಡನ್ನು ಮೊದಲಿಗೆ ತಂದು, ವೈರನ್ನು ಮರಳಿ ಅದರ ಜಾಗಕ್ಕೆ ಸಿಕ್ಕಿಸಿದೆ. ಅಷ್ಟೇ ಕೆಲಸ. ದಿನಚರಿಯಲ್ಲಿ ಅದನ್ನು ಬರೆಯಲು ಕುಳಿತೆ.

ಹುಣಸೂರಿನಲ್ಲಿ ಮಹಡಿಯ ಮೇಲೆ ಸ್ಟುಡಿಯೋ ಇಟ್ಟಿದ್ದ, ಎಲ್ಲರೂ ಅಣ್ಣ ಎಂದೇ ಕರೆಯುತ್ತಿದ್ದ ಮಾಲೀಕರು ನೆನಪಾದರು. ಡಿಗ್ರಿ ಮುಗಿಸಿದ ಮೇಲೆ ನಾನು ಅವರಲ್ಲಿ ಮದುವೆ ಆಲ್ಬಂ ಜೋಡಿಸುತ್ತಿದ್ದೆ. ಮುಂಗೋಪದ ಮನುಷ್ಯ. ಕಂಪ್ಯೂಟರ್ ನಿಂತರೆ ಅದರ ತಲೆಗೊಂದು ಗುದ್ದಿ, "ನಿಮ್ಮಪ್ಪಂಗೆ ಯೋಳ್ತೀನಿ ಕಣ್ಲಾ" ಎಂದು ಅದನ್ನೇ ಬೈಯುತ್ತಿದ್ದರು.

ಆ ಬೇಸಿಗೆಯಲ್ಲಿ ಗಾವಡಗೆರೆ ಕಡೆಯ ಮದುವೆಯೊಂದರ ಬೀಗರೂಟದಲ್ಲಿ ಹೊಡೆದಾಟವಾಯಿತು. ಗಂಡಿನ ಚಿಕ್ಕಪ್ಪನ ಎಲೆಗೆ ಬರೀ ಮೂಳೆ ಬಿತ್ತಂತೆ. ಅವರು ಎಲೆ ಎತ್ತಿ ಬಡಿಸುವವನ ಮುಖಕ್ಕೆ ಎಸೆದರು. ಪಂಕ್ತಿ ಎದ್ದಿತು. ಬೆಂಚು ಮುರಿದವು, ಕುದಿಯುವ ಸಾರು ಜನರ ಮೇಲೆ ಉರುಳಿತು. ಸೌಟಿನ ಏಟಿಗೆ ಚಿಕ್ಕಪ್ಪನ ಒಂದು ಕಣ್ಣು ಹೋಯಿತು. ಬಡಿಸುತ್ತಿದ್ದವನು ಹೆಣ್ಣಿನ ತಮ್ಮ. ಕೇಸು ಆ ಹುಡುಗನ ಮೇಲೆ ಬಿತ್ತು.

ಹುಡುಗನ ಕೈಯಿಂದ ಬೇರೊಬ್ಬ ಸೌಟು ಕಿತ್ತುಕೊಂಡು ಬೀಸಿದ್ದನ್ನು ವಿಡಿಯೊ ತೆಗೆಯುತ್ತಿದ್ದ ಅಣ್ಣ ಕಣ್ಣಾರೆ ಕಂಡಿದ್ದರು. ಆದರೆ ಸ್ಟುಡಿಯೋದ ಹಳೆಯ ಕಂಪ್ಯೂಟರಿನಲ್ಲಿ ಆ ವಿಡಿಯೊ ಸರಿಯಾಗಿ ಅದೇ ಗಳಿಗೆಯಲ್ಲಿ ತಡವರಿಸುತ್ತಿತ್ತು. ನಾನು ನೋಡಿದಾಗ ಕೈಗಳಷ್ಟೇ ಮಸುಕಾಗಿ ಕಂಡವು. ಹುಡುಗನಿಗಾಗಿಯೇ ಅಣ್ಣ ಮೈಸೂರಿನಿಂದ ಸೆಕೆಂಡ್‌ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ತಂದರು. ಅದು ಕೆಲಸ ಮಾಡಬೇಕಾದರೆ ಬಯಾಸ್ ಅಪ್‌ಡೇಟ್ ಆಗಬೇಕಿತ್ತು. ಮಾಡಿದರು. ಬಂದು ನೋಡು ಎಂದು ಹುಡುಗನಿಗೆ ಫೋನ್ ಹಚ್ಚಿದರು. ಕ್ಯಾಮೆರಾದ ಮೆಮೊರಿ ಕಾರ್ಡನ್ನು ಮುಂದಿನ ಮದುವೆಗೆಂದು ಆಗಲೇ ಅಳಿಸಿದ್ದರಿಂದ, ಉಳಿದಿದ್ದದ್ದು ಕಂಪ್ಯೂಟರಿನಲ್ಲಿದ್ದ ಒಂದೇ ಪ್ರತಿ.

ಹುಡುಗ ಇಬ್ಬರು ಗೆಳೆಯರೊಂದಿಗೆ ಮೆಟ್ಟಿಲು ಹತ್ತಿ ಬಂದಾಗ ಪರದೆ ಕಪ್ಪಗಿತ್ತು.

"ಏನಣ್ಣೋ, ಕತ್ಲೆ ತೋರ್ಸಕ್ ಕರೆದ್ಯಾ?" ಎಂದ.

"ತಡೀಲಾ. ಈಗ್ತಾನೆ ಅಪ್‌ಡೇಟ್ ಮಾಡಿವ್ನಿ. ವೈರು ಬದ್ಲಾಯ್ಸುದ್ರೆ ಬತ್ತದೆ," ಎಂದರು ಅಣ್ಣ.

"ನೆನ್ನೆ ಇದ್ದುದ್ದು ಇವತ್ತಿಲ್ವಾ? ಗಂಡಿನ್ ಕಡೆಯೋರು ಎಷ್ಟು ಕೊಟ್ರು?"

ಅಣ್ಣ ಎದ್ದು ಅವನ ಕೆನ್ನೆಗೆ ಬಾರಿಸಿದರು. ಆ ಕೈ ಕೆನ್ನೆಗೆ ಹೋಗುವ ಬದಲು ಮಾನಿಟರಿನ ವೈರಿನತ್ತ ಹೋಗಿದ್ದರೆ...

ಹುಡುಗ ಟ್ರೈಪಾಡ್ ಎತ್ತಿ ಬೀಸಿದ. ಅದು ಅಣ್ಣನ ಎಡಗಿವಿಗೆ ಬಡಿಯಿತು. ಬಿದ್ದವರ ಪಕ್ಕೆಗೆ ಮೂವರೂ ಒದ್ದರು. ನಾನು ಅಡ್ಡ ಹೋದೆ. "ನೀ ಒಳೀಕೋಗು ಕಣವ್ವ!" ಎಂದು ಅಣ್ಣ ರಕ್ತದ ಬಾಯಲ್ಲಿ ಕೂಗಿದರು. ಹುಡುಗ ಕಂಪ್ಯೂಟರನ್ನು ವೈರುಗಳ ಸಮೇತ ಕಿತ್ತು ಮಹಡಿಯಿಂದ ರಸ್ತೆಗೆ ಎಸೆದ.

"ಬ್ಯಾಡ ಕಣ್ಲಾ! ನಿನ್ ಜೀವ್ನ ಅದ್ರೊಳ್ಗದೆ!"

ಅವನು ಕೆಳಗಿಳಿದು ಕಟ್ಟಡಕ್ಕೆಂದು ಬಿದ್ದಿದ್ದ ಸೈಜುಗಲ್ಲನ್ನು ಅದರ ಮೇಲೆ ಎತ್ತಿಹಾಕಿದ. ಮತ್ತೆ, ಮತ್ತೆ. ಹಾರ್ಡ್‌ಡಿಸ್ಕ್ ಚಪ್ಪಟೆಯಾಗುವವರೆಗೆ. ಆಮೇಲೆ ಮೈಸೂರಿನಲ್ಲಿ ತೋರಿಸಿದರೂ ಅದರಿಂದ ಏನನ್ನೂ ತೆಗೆಯಲು ಆಗಲಿಲ್ಲ.

ಆಸ್ಪತ್ರೆಗೆ ಬಂದ ಪೊಲೀಸರಿಗೆ ಅಣ್ಣ ಹೇಳಿದರು: "ನನ್ಗೆ ಒಡ್ದೋನು ಇವ್ನೇಯ, ಬರ್ಕೊಳಿ. ಬೀಗ್ರೂಟದಲ್ಲಿ ಒಡ್ದೋನು ಇವ್ನಲ್ಲ. ಅದ್ನೂ ಬರ್ಕೊಳಿ." ಕೋರ್ಟಿನಲ್ಲೂ ಎರಡನ್ನೂ ಹೇಳಿದರು. ಮೊದಲನೆಯದನ್ನು ನಂಬಿದರು. ಎರಡನೆಯದಕ್ಕೆ ವಿಡಿಯೊ ಎಲ್ಲಿ ಎಂದರು. ಹುಡುಗನಿಗೆ ಜೈಲಾಯಿತು.

ಅಣ್ಣನ ಎಡಗಿವಿ ಮತ್ತೆ ಕೇಳಲಿಲ್ಲ. ಹೋದ ವರ್ಷ ರಸ್ತೆ ದಾಟುವಾಗ, ಆ ಕಿವಿಯ ಕಡೆಯಿಂದ ಬಂದ ಮರ ತುಂಬಿದ ಲಾರಿಯ ಹಾರನ್ ಅವರಿಗೆ ಕೇಳಿಸಲಿಲ್ಲ...

ಅಣ್ಣನ ಮಣ್ಣಿಗೆ ಹುಡುಗನೂ ಬಂದಿದ್ದ. ಮೇಲಿನ ಕೋರ್ಟಿಗೆ ಅಪೀಲು ಹಾಕಿ ಜಾಮೀನಿನ ಮೇಲೆ ಹೊರಗಿದ್ದ. ಹೆಗಲು ಕೊಡಲು ಮುಂದೆ ಬಂದಾಗ ಅತ್ತಿಗೆ ಅವನ ಎದೆಗೆ ಕೈಯಿಟ್ಟು ನೂಕಿದರು. "ಆ ಕಿವಿ ಒಡ್ದೋನು ನೀನು. ಆಚೆ ನಿಂತ್ಕೊ." ಅವನು ಬೇಲಿಯ ಆಚೆ ನಿಂತ, ಎಲ್ಲರೂ ಹೋಗುವವರೆಗೆ.

ಈಗ ನಾನು ಮನೆಯಲ್ಲೇ ಆಲ್ಬಂ ಮಾಡುತ್ತೇನೆ. ಕೆಲಸ ಕಲಿಸಿದವರು ಇಲ್ಲ. ಅಪೀಲು ಇನ್ನೂ ನಡೆಯುತ್ತಿದೆ. ಬೀಗರೂಟದಲ್ಲಿ ಹುಡುಗ ಹೊಡೆದಿಲ್ಲ ಎಂದು ಹೇಳುತ್ತಿದ್ದವರು ಇಡೀ ತಾಲ್ಲೂಕಿನಲ್ಲಿ ಅಣ್ಣ ಒಬ್ಬರೇ.