ಕಾಕು ಸುತ್ತುತ್ತಿದ್ದ ಫೇಟಾ

ನಮ್ಮ ಕಾಕುವಿನ ಎಡಗೈ ಹೆಬ್ಬೆರಳಿಗೆ ಯಾವಾಗಲೂ ಬೆಳ್ಳುಳ್ಳಿಯ ವಾಸನೆ. ಆ ಹೆಬ್ಬೆರಳಿನಿಂದ ಬಟ್ಟೆಯ ತುದಿಯನ್ನು ನಮ್ಮ ಹಣೆಗೆ ಗಟ್ಟಿಯಾಗಿ ಒತ್ತಿಹಿಡಿದು, ಬಲಗೈಯಿಂದ ಸರಸರನೆ ತಲೆಗೆ ಫೇಟಾ ಸುತ್ತುತ್ತಿದ್ದಳು. ನೋವಾಗುತ್ತದೆಂದರೂ ಬಿಡುತ್ತಿರಲಿಲ್ಲ. “ಸುಮ್ನ ಕುಂದ್ರ. ಸತ್ಕಾರ ಮಾಡಿಸ್ಕೊಳ್ಳೋರು ಹಂಗ ಅಳ್ಳಾಡಬಾರದು” ಎನ್ನುವಳು. ಫೇಟಾ ಎಂದರೆ ಆಕೆಯದೇ ಹಳೆಯ ಕೆಂಪು ಸೀರೆಯನ್ನು ಉದ್ದಕ್ಕೆ ಹರಿದ ಅರ್ಧ. ಉಳಿದರ್ಧ ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಇಳಿಸುವ ಅರಿವೆಯಾಗಿತ್ತು.

ಕಾಕು ನನ್ನ ಅಪ್ಪನ ತಮ್ಮನ ಹೆಂಡತಿ. ಅವರ ಮನೆ ಖಾನಾಪುರದ ಸ್ಟೇಶನ್ನಿಗೆ ಹತ್ತಿರ. ಬೆಳಗಾವಿಯಲ್ಲಿ ನನ್ನ ಅಪ್ಪ ಅವ್ವ ಇಬ್ಬರೂ ನೌಕರಿ ಮಾಡುವವರು. ಶಾಲೆಗೆ ರಜೆ ಬಿತ್ತೆಂದರೆ ನನ್ನನ್ನು ಶಿವಬಸವ ನಗರದಿಂದ ಖಾನಾಪುರಕ್ಕೆ ಸಾಗಹಾಕುತ್ತಿದ್ದರು. ಅಲ್ಲಿ ಕಾಕುವಿನ ಮಗ, ಅಂದರೆ ನನ್ನ ವಾರಿಗೆಯ ತಮ್ಮ, ಜೊತೆಗೆ ಓಣಿಯ ಅಷ್ಟೂ ಮಕ್ಕಳು. ಇಷ್ಟು ಜನಕ್ಕೆ ಆಟಿಕೆ ತರುವ ತಾಕತ್ತು ಆ ಮನೆಗೆ ಇರಲಿಲ್ಲ. ಕಾಕು ಅದಕ್ಕಾಗಿ ತಲೆಕೆಡಿಸಿಕೊಂಡವಳೂ ಅಲ್ಲ. ಸಂಜೆ ನಮ್ಮನ್ನೆಲ್ಲ ಕರೆದುಕೊಂಡು ಸ್ಟೇಶನ್ನಿಗೆ ಹೋಗುವಳು. ಲೋಂಡಾ ಕಡೆಗೆ ಹೊರಟ ಗಾಡಿಗೆ ನಾವು ಕೈ ಬೀಸಬೇಕು. ಮಕ್ಕಳು ತಿರುಗಿ ಕೈ ಬೀಸಿದರೆ ಲೆಕ್ಕಕ್ಕಿಲ್ಲ, ಮುಖ ಗಂಟಿಕ್ಕಿಕೊಂಡು ಕೂತ ದೊಡ್ಡವರು ಬೀಸಿದರೆ ಗೆದ್ದಂತೆ. ಗೆದ್ದವರಿಗೆ ಮನೆಗೆ ಬಂದೊಡನೆ ಸತ್ಕಾರ.

ನಮ್ಮ ಕಡೆ ಯಾರನ್ನೇ ಗೌರವಿಸಬೇಕಾದರೂ ತಲೆಗೆ ಫೇಟಾ, ಹೆಗಲಿಗೆ ಶಾಲು, ಕೈಗೊಂದು ತೆಂಗಿನಕಾಯಿ ಬೇಕೇ ಬೇಕು. ಅದೆಲ್ಲ ಸಭೆಗಳಲ್ಲಿ, ದೊಡ್ಡವರಿಗೆ. ಕಾಕು ಅದನ್ನು ಪಡಸಾಲೆಗೆ ಇಳಿಸಿದ್ದಳು. ಮಣೆಯ ಮೇಲೆ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಫೇಟಾ ಸುತ್ತಿ, ಸ್ನಾನದ ಟಾವೆಲ್ಲನ್ನೇ ಶಾಲೆಂದು ಹೊದಿಸುವಳು. ತೆಂಗಿನಕಾಯಿ ಚಪ್ಪಾಳೆ ಮುಗಿದ ಮೇಲೆ ವಾಪಸು ಅಡುಗೆಮನೆಗೆ. ಆ ಹೊತ್ತಿಗೆ ಬಾಗಿಲಿಗೆ ಬಂದವರು ಯಾರೇ ಆಗಲಿ, ಅವರೇ ಮುಖ್ಯ ಅತಿಥಿ. ಕಾಕು ಓದಿದ್ದು ಮರಾಠಿ ಶಾಲೆ, ಹಾಗಾಗಿ ಸಭೆಯೆಂದರೆ ಆಕೆಯ ಬಾಯಿಗೆ ಮರಾಠಿಯೇ ಬರುತ್ತಿತ್ತು. “ಆಜಚೇ ಪ್ರಮುಖ ಪಾಹುಣೇ” ಎಂದು ಗಂಭೀರವಾಗಿ ಶುರುಮಾಡಿ ಅತಿಥಿಯನ್ನು ಪರಿಚಯಿಸುವಳು. ಒಮ್ಮೆ ನಾನು ಬೀಳದೆ ಸೈಕಲ್ ಹೊಡೆದ ದಿನ ಕಾಯಿಪಲ್ಯೆ ಮಾರುವಾಕೆ ಬುಟ್ಟಿ ಇಳಿಸಿ ನನ್ನ ಬಗ್ಗೆ ಮಾತಾಡಿದ್ದಳು. ಹೆಸರೇ ಗೊತ್ತಿಲ್ಲದ ನನ್ನನ್ನು ಅಷ್ಟು ಹೊತ್ತು ಹೊಗಳಿದವರು ಆಮೇಲೆ ಯಾರೂ ಸಿಕ್ಕಿಲ್ಲ.

ಇದಕ್ಕೆಲ್ಲ ಒಂದೇ ಒಂದು ಕಟ್ಟಳೆ. ಇವತ್ತು ಮಾಡಿದ್ದಕ್ಕೆ ಇವತ್ತೇ ಸತ್ಕಾರ. ಮಳೆ ಇರಲಿ, ಮನೆಯಲ್ಲಿ ಜ್ವರ ಇರಲಿ, ನಾಳೆಗೆ ತಳ್ಳುವ ಮಾತಿಲ್ಲ. “ನಾಳಿಗಿ ಈ ಹುಡುಗ್ರು ಬ್ಯಾರೇನ ಆಗಿರ್ತಾವ” ಎನ್ನುವಳು.

ಒಮ್ಮೆ ಕಾಕುವಿನ ಮಗ ಚೆಂಡು ಹೊಡೆದು ಬಾಜೂಮನೆ ಅಜ್ಜಿಯ ಹೆಂಚು ಒಡೆದ. ಯಾರೂ ನೋಡಿರಲಿಲ್ಲ. ನಾವೆಲ್ಲ ಹಿತ್ತಲಿಗೆ ಓಡಿ ಅಡಗಿದೆವು. ಅವನು ಮಾತ್ರ ನೇರ ಹೋಗಿ ನಾನೇ ಒಡೆದೆ ಎಂದು ಹೇಳಿಬಿಟ್ಟ. ಸ್ವಲ್ಪ ಹೊತ್ತಿಗೆ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಬಂದರು. ನೋಡಿದರೆ ಪಡಸಾಲೆಯಲ್ಲಿ ಹುಡುಗ ಮಣೆಯ ಮೇಲಿದ್ದಾನೆ, ಕಾಕು ಅವನ ಹಣೆಗೆ ಹೆಬ್ಬೆರಳು ಒತ್ತಿದ್ದಾಳೆ.

ಕಾಕಾ ಸಿಟ್ಟಾಗಿ, “ಹೆಂಚ ಒಡದವಗ ಫೇಟಾ ಸುತ್ತತೀಯೇನ?” ಎಂದರು.

“ಒಡದದ್ದಕ್ಕಲ್ರಿ. ತಾನಾಗೇ ಹೋಗಿ ಹೇಳ್ಯಾನಲ್ಲ, ಅದಕ್ಕ” ಎಂದ ಕಾಕು ಅಜ್ಜಿಯತ್ತ ತಿರುಗಿ, “ಬರ್ರಿ, ಕುಂದರ್ರಿ. ನೀವ ಇವತ್ತಿನ ಪಾಹುಣೇ” ಎಂದಳು.

ಅಜ್ಜಿ ಏನು ಮಾಡಬೇಕೆಂದು ತೋಚದೆ ಕೂತರು. ಎರಡು ಮಾತಾಡಿ ಎಂದಾಗ, “ಹುಡುಗ ಛಲೋ ಅದಾನ. ಹೆಂಚ ಮಾತ್ರ ಕತ್ತಲಾಗೂದ್ರಾಗ ಹಾಕಿಸ್ರಿ” ಎಂದರು. ಕಾಕಾ ಗೊಣಗುತ್ತ ಮಾಡು ಹತ್ತಿದರು, ನಾವು ಕೆಳಗಿನಿಂದ ಅವರಿಗೂ ಚಪ್ಪಾಳೆ ಹೊಡೆದೆವು.

ಈಗ ನನಗೂ ಮಗಳಿದ್ದಾಳೆ. ನಮ್ಮ ಓಣಿಯ ತಾಯಂದಿರು ಬೇಸಿಗೆ ಬಂದರೆ ಶಿಬಿರ, ಸ್ಕೇಟಿಂಗ್, ಮಾಲಿನ ಆಟದ ಕೋಣೆ ಎಂದು ದಣಿಯುತ್ತಾರೆ. ನಾನೂ ದಣಿದಿದ್ದೇನೆ, ಸುಳ್ಳೇಕೆ. ಎಲ್ಲ ಕಡೆ ಸುತ್ತಿಸಿ ಮನೆಗೆ ಬಂದರೆ ಮಗಳು “ಬ್ಯಾಸರಾ” ಎನ್ನುತ್ತಾಳೆ. ಖಾನಾಪುರದ ಮಣೆಯ ಮೇಲಿಂದ ಮಾತ್ರ ಆ ಮಾತು ನಾನು ಕೇಳಿಲ್ಲ. ಹಾಗಲಕಾಯಿ ಪಲ್ಯ ಮುಖ ಕಿವುಚದೆ ತಿಂದದ್ದಕ್ಕೆ ಅವಳಿಗೂ ಅಲ್ಲಿ ಫೇಟಾ ಆಗಿದೆ.

ಅರವತ್ತು ದಾಟಿದ ಮೇಲೆ ಕಾಕು ಸ್ಕೂಟಿ ಕಲಿತಳು. ಮೊಮ್ಮಗನನ್ನು ಶಾಲೆಗೆ ಬಿಡಬೇಕೆಂಬ ಹಟ. ಹಿಂದೆ ಕೂರಲು ಕಾಕಾ ಒಪ್ಪಲಿಲ್ಲ. ಒಂದು ಮಧ್ಯಾಹ್ನ ನನಗೆ ಫೋನ್ ಬಂತು, ಆಕೆಗೆ ಇನ್ನೂ ಏದುಸಿರು.

“ಅವ್ವಿ, ನಾ ಇವತ್ತ ಸ್ಕೂಟಿ ಮ್ಯಾಲ ಒಬ್ಬಾಕಿನ ಮಲಪ್ರಭಾ ಬ್ರಿಜ್ ದಾಟಿ, ತಿರುಗಿ ಬಂದೆ. ಹೇಳು, ನನಗ ಫೇಟಾ ಯಾರ ಸುತ್ತತೀರಿ?”

ನಕ್ಕೇ ಕೇಳಿದಳು. ಆದರೆ ಜನ್ಮದಲ್ಲಿ ಆಕೆ ತನಗಾಗಿ ಕೇಳಿದ್ದು ಅದೊಂದೇ. ಖಾನಾಪುರ ಬೆಳಗಾವಿಯಿಂದ ಒಂದು ತಾಸಿನ ದಾರಿ. ಆ ಸಂಜೆ ಬಸ್ಸು ಹತ್ತಿದ್ದರೆ ಸಾಕಿತ್ತು.

ನಾವು ಪ್ರೀತಿಯಿಂದಲೇ ಕೆಡಿಸಿದೆವು. ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಹಾಕಿದವನು ತಮ್ಮ. ಕಾಕುವಿನ ಕೈಯಿಂದ ಫೇಟಾ ಸುತ್ತಿಸಿಕೊಂಡವರನ್ನೆಲ್ಲ ಸೇರಿಸಿ ಬೆಳಗಾವಿಯಲ್ಲಿ ಹಾಲ್ ಹಿಡಿದು ಭರ್ಜರಿ ಮಾಡೋಣ ಎಂದರು ಒಬ್ಬರು. ಖರೆ ಖರೆ ರೇಶ್ಮೆ ಫೇಟಾ ಆಗಬೇಕು ಎಂದರು ಇನ್ನೊಬ್ಬರು. ಪುಣೆಯವರಿಗೆ ರಜೆ ಸಿಗಲಿಲ್ಲ, ಹುಬ್ಬಳ್ಳಿಯವರ ಮಕ್ಕಳಿಗೆ ಪರೀಕ್ಷೆ, ಆಮೇಲೆ ಮಳೆಗಾಲ. “ಹಾಲ್ ಯಾಕ ಬೇಕವಾ, ಪಡಸಾಲಿ ಇಲ್ಲೇನ?” ಎಂದು ಕಾಕು ಮೊದಮೊದಲು ತಕರಾರು ತೆಗೆದಳು. ಬರುಬರುತ್ತ ಆಕೆಗೂ ಆಸೆ ಹತ್ತಿತು. “ಎಲ್ಲಾರೂ ಬರ್ತಾರಲ್ಲ? ನನಗೂ ಮಾತಾಡಾಕ ಹಚ್ಚತೀರೇನ? ಏನ ಹೇಳಲಿ?” ಎಂದು ಕೇಳತೊಡಗಿದಳು. ಯಾವುದಕ್ಕೂ ನಾಳೆ ಎನ್ನದವಳಿಗೆ ನಾವೆಲ್ಲ ಸೇರಿ ಕಾಯುವುದನ್ನು ಕಲಿಸಿದೆವು.

ಕಡೆಗೆ ಮಳೆ ನಿಂತ ಮೇಲಿನ ಒಂದು ರವಿವಾರ ಗೊತ್ತಾಯಿತು. ಅದಕ್ಕೆ ಮೊದಲಿನ ಗುರುವಾರ ಬೆಳಿಗ್ಗೆ, ಮೊಮ್ಮಗನನ್ನು ಶಾಲೆಗೆ ಬಿಟ್ಟು ಬಂದು ಚಹಾಕ್ಕೆ ಇಟ್ಟ ಕಾಕು, ಎದೆಯಲ್ಲಿ ಹೇಗೋ ಆಗುತ್ತಿದೆ ಎಂದು ಸೊಸೆಗೆ ಹೇಳಿ ಅಲ್ಲೇ ಗೋಡೆಗೆ ಒರಗಿ ಕೂತಳಂತೆ. ದವಾಖಾನೆ ಮುಟ್ಟುವ ಮೊದಲೇ ಮುಗಿದಿತ್ತು. ಸುದ್ದಿ ತಿಳಿದು ಎಲ್ಲರೂ ಬಂದರು. ಪುಣೆಯವರು ಬಂದರು, ಹುಬ್ಬಳ್ಳಿಯವರು ಬಂದರು, ಯಾರಿಗೂ ರಜೆಯ ತೊಂದರೆ ಆಗಲಿಲ್ಲ.

ಸಂಜೆ ಮಣ್ಣು ಮುಗಿಸಿ ಬಂದು ಎಲ್ಲರೂ ಅಂಗಳದಲ್ಲಿ ನಿಂತಿದ್ದೆವು. ಆಗ ನನ್ನ ಫೋನ್ ಬಡಿದುಕೊಂಡಿತು. ರವಿವಾರಕ್ಕೆ ಹಿಡಿದಿದ್ದ ಹಾಲ್‌ನ ಮ್ಯಾನೇಜರು. ಈ ಗಡಿಬಿಡಿಯಲ್ಲಿ ಅವರಿಗೆ ತಿಳಿಸುವುದು ಯಾರಿಗೂ ಹೊಳೆದಿರಲಿಲ್ಲ.

“ಮೇಡಮ್ಮರ, ರವಿವಾರ ಸ್ಟೇಜ್ ಮ್ಯಾಲ ಕುರ್ಚಿ ಎಷ್ಟ ಹಾಕಸ್ಲಿರಿ?”

“ಒಂದ ಬೇಕಾಗಿತ್ರಿ” ಎಂದೆ.

ಪಾಪ, ಅವರಿಗೇನು ಗೊತ್ತು. “ಒಂದ ಸಾಕೇನ್ರಿ?” ಎಂದು ಮತ್ತೆ ಕೇಳಿದರು.