ಇಂಗಿದ ನೀರು, ಉಳಿದ ಉಪ್ಪು

ಮಂಗಳೂರಿನಿಂದ ಬೈಲಹೊಂಗಲದ ಕಾಲೇಜಿಗೆ ವರ್ಗವಾಗಿ ಬಂದ ವರ್ಷ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಮಾತಿಗೆ ಯಾರೂ ಇಲ್ಲದ ಬೇಸರಕ್ಕೆ ಗಾಜಿನ ತೊಟ್ಟಿಯಲ್ಲಿ ಸಮುದ್ರದಷ್ಟೇ ಉಪ್ಪಿನ ನೀರು ತುಂಬಿ, ಎರಡು ಮೀನು, ನಾಲ್ಕು ಹವಳ ಸಾಕಿದೆ. ನೀರು ಇಪ್ಪತ್ತಾರು ಡಿಗ್ರಿ ಮೀರಬಾರದು, ಉಪ್ಪು ಹೆಚ್ಚುಕಡಿಮೆ ಆಗಬಾರದು ಎಂದು ಓದಿಕೊಂಡಿದ್ದೆ.

ಏಪ್ರಿಲ್ ಬಿಸಿಲಿಗೆ ತೊಟ್ಟಿಯ ನೀರು ದಿನವೂ ಇಳಿಯತೊಡಗಿತು. ಇಳಿದಷ್ಟು ಉಪ್ಪುನೀರನ್ನೇ ಕಲಸಿ ಸುರಿದೆ. ಕೆಲವೇ ವಾರಗಳಲ್ಲಿ ಹವಳಗಳೆಲ್ಲ ಮುದುಡಿಕೊಂಡವು.

ಒಂದು ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರು. ನನ್ನ ಮನೆಯೊಳಗೆ ಕಾಲಿಟ್ಟ ಮೊದಲ ನೆರೆಯವರು ಅವರೇ. ನಾನು ತೊಟ್ಟಿಗೆ ನೀರು ಸುರಿಯುತ್ತಿದ್ದೆ.

"ಇದೇನ ಹಾಕಾಕ್ಹತ್ತೀರಿ ಅಕ್ಕೋರ?"

"ಉಪ್ಪುನೀರು ಅಜ್ಜಿ. ನೀರು ಕಡಿಮೆಯಾಗಿದೆ."

"ಸಾರು ಕುದ್ದು ಇಂಗಿದ್ರ ಮತ್ತ ಉಪ್ಪು ಹಾಕ್ತೀರೇನ್ರಿ? ಬರೇ ನೀರ ಹಾಕ್ತೀರಿ. ಹಾರಿ ಹೋಗೂದು ನೀರಷ್ಟ, ಉಪ್ಪು ಎಲ್ಲಿ ಹೋಗತೈತಿ?"

ನಾನು ರಸಾಯನಶಾಸ್ತ್ರ ಕಲಿಸುವವಳು. ನಾಚಿಕೆಯಾಯಿತು, ನಗುವೂ ಬಂತು. ಇಬ್ಬರೂ ಚಹಾ ಕುಡಿದೆವು.

ಅಂದಿನಿಂದ ಶುದ್ಧ ಮಾಡಿದ ಸಿಹಿನೀರನ್ನು ಅಳೆದು, ಸ್ವಲ್ಪ ಸ್ವಲ್ಪವೇ ಬೆರೆಸಿದೆ. ಉಪ್ಪು ಒಮ್ಮೆಲೇ ಇಳಿದರೂ ಹವಳ ತಾಳುವುದಿಲ್ಲ. ಮೂರು ಸತ್ತವು. ನಾಲ್ಕನೆಯದು ಐದನೇ ದಿನ ಮೆಲ್ಲಗೆ ಅರಳಿತು.

ತೋರಿಸಬೇಕೆಂದು ಪಕ್ಕದ ಮನೆಗೆ ಓಡಿದೆ. ಬೀಗ ಹಾಕಿತ್ತು. ಎದುರಿನ ಅಂಗಡಿಯವರು ಹೇಳಿದರು: "ಮೊಮ್ಮಗಳ ಬಾಣಂತನಕ್ಕ ರಾಮದುರ್ಗಕ್ಕ ಹೋಗ್ಯಾರ್ರೀ. ಮೂರು ತಿಂಗಳು ಬರೂದಿಲ್ಲ."

ಮನೆಗೆ ಬಂದು ತೊಟ್ಟಿಯ ಮುಂದೆ ಕುಳಿತೆ. ಅರಳಿದ ಹವಳವನ್ನು ಒಬ್ಬಳೇ ನೋಡಿದೆ.