ಮಾಸ್ಟರ್ ಏನೂ ತಿನ್ನುವುದಿಲ್ಲ

ಮೂರು ತಿಂಗಳು ಎಣ್ಣೆಯನ್ನು ಚಮಚದಲ್ಲಿ ಅಳೆದು, ಮನೆಯೊಳಗೆ ಬೆಣ್ಣೆಗೆ ಬಹಿಷ್ಕಾರ ಹಾಕಿ, ಬೆಳಗಾಗೆದ್ದು ಗಂಡನನ್ನು ಪಾರ್ಕಿನ ಸುತ್ತ ಅಟ್ಟಿಸಿಕೊಂಡು ನಡೆಸಿದ ಮೇಲೆ ಕೈಗೆ ಬಂದ ಅವನ ರಕ್ತಪರೀಕ್ಷೆಯ ರಿಪೋರ್ಟು ನೋಡಿ ಟೈಲರಮ್ಮನಿಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಕೆಟ್ಟ ಕೊಲೆಸ್ಟ್ರಾಲು ಎಂದು ಡಾಕ್ಟರು ಬೆರಳಿಟ್ಟು ತೋರಿಸಿದ ಸಾಲಿನಲ್ಲಿ ಮೊದಲು ನೂರ ಎಪ್ಪತ್ತೊಂದು ಇದ್ದದ್ದು ಈಗ ನೂರ ಎಪ್ಪತ್ತನಾಲ್ಕು. ಇಳಿಯುವುದು ಹಾಳಾಗಲಿ, ಇದ್ದಲ್ಲೇ ಇರುವ ಮರ್ಯಾದೆಯೂ ಅದಕ್ಕಿರಲಿಲ್ಲ.

“ಇನ್ನು ಆರು ವಾರ ನೋಡ್ತೀನಿ,” ಎಂದರು ಡಾಕ್ಟರು. “ಆಗ್ಲೂ ಇಳೀದಿದ್ರೆ ಮಾತ್ರೆ ಶುರು ಮಾಡ್ಲೇಬೇಕು. ನಿಮ್ಮನೇಲಿ ಆಗಿರೋದು ಗೊತ್ತಲ್ಲ, ಸುಮ್ನೆ ಕೂರೋ ಹಾಗಿಲ್ಲ.”

ಮನೆಯಲ್ಲಿ ಆಗಿದ್ದೆಂದರೆ ಭಾವನ ಸಾವು. ಗಂಡನ ಅಣ್ಣ, ಗಟ್ಟಿಮುಟ್ಟಾಗಿದ್ದವನು, ಐವತ್ತನೇ ವಯಸ್ಸಿಗೆ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತವನು ಮತ್ತೆ ಏಳಲಿಲ್ಲ. ಟೈಲರಮ್ಮನ ಗಂಡನಿಗೆ ಈಗ ನಲವತ್ತೆಂಟು. ಆ ಎರಡು ವರ್ಷದ ಲೆಕ್ಕ ಅವಳ ನೆಮ್ಮದಿಯನ್ನೇ ತಿಂದುಹಾಕಿತ್ತು. ಹೆದರಿಕೆಯಾದರೆ ಅಳುವ ಜಾಯಮಾನ ಅವಳದಲ್ಲ, ಸಿಡುಕುವ ಜಾಯಮಾನ.

“ರೀ, ನಿಜ ಹೇಳಿ. ಹೊರಗಡೆ ಏನ್ ತಿಂತೀರಿ?”

“ಏನೂ ಇಲ್ಲ ಕಣೇ. ನೀನು ಕಟ್ಕೊಡೋ ಬೇಯಿಸಿದ ಕಾಳು ತಿಂತೀನಿ, ನೀರು ಕುಡೀತೀನಿ. ಬೇಕಾದ್ರೆ ಬೇಕರಿಲಿ ಯಾರನ್ನಾದ್ರೂ ಕೇಳು.”

ಸುಳ್ಳು ಹೇಳುವ ಗಂಡನಾಗಿದ್ದರೆ ಎಷ್ಟೋ ಸುಲಭವಿತ್ತು, ಹಿಡಿದು ಜಾಡಿಸಿಬಿಡಬಹುದಿತ್ತು. ಈ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ. ಬಂದಿದ್ದರೆ ತಾನೇ ಅವಳು ಹೊಲಿದುಕೊಟ್ಟ ಅಂಗಿಗಳ ಬಗ್ಗೆ ಇಪ್ಪತ್ಮೂರು ವರ್ಷದಲ್ಲಿ ಒಮ್ಮೆಯಾದರೂ ಒಳ್ಳೆ ಮಾತು ಆಡಿರುತ್ತಿದ್ದ!

ಗಂಡ ಬೇಕರಿಯ ಮಾಸ್ಟರ್. ಹದಿನೆಂಟಕ್ಕೆ ಹಿಟ್ಟು ನಾದಲು ಹೋದವನು ಮೂವತ್ತು ವರ್ಷದಲ್ಲಿ ಒಲೆಯ ಯಜಮಾನನಾಗಿದ್ದ. ಬೀದಿಯಲ್ಲಿ ಅವನನ್ನು ಯಾರೂ ಬೇರೆ ಹೆಸರಿನಿಂದ ಕರೆಯುವುದಿಲ್ಲ. ಬೇಕರಿಯ ತಕ್ಕಡಿ ಎಷ್ಟೋ ಸಲ ಬದಲಾಗಿದೆ, ಅವನ ನಾಲಿಗೆ ಹೇಳುವ ಲೆಕ್ಕ ಬದಲಾಗಿಲ್ಲ. ಒಂದು ಸಲ ಬಂದ ಬೆಣ್ಣೆಯಲ್ಲಿ ಉಪ್ಪು ಜಾಸ್ತಿ, ಮುಂದಿನ ಸಲದ್ದರಲ್ಲಿ ಕಮ್ಮಿ, ಅಳತೆ ಬರೆದಿಟ್ಟ ಕಾಗದಕ್ಕೆ ಅದೆಲ್ಲ ಹೇಗೆ ಗೊತ್ತಾಗಬೇಕು ಎಂಬುದು ಅವನ ವಾದ. ಟೇಪು ಕೊರಳಲ್ಲಿ ಹಾಕಿಕೊಂಡೇ ಬದುಕುವ ಟೈಲರಮ್ಮನಿಗೆ ಇಂಥ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ರಿಪೋರ್ಟು ಬಂದ ಮರುದಿನವೇ ಅವಳು ಬೇಕರಿಗೆ ಹೋದಳು. ಕೆಲಸದವರಿಗೆಲ್ಲ ಹೊಸ ಏಪ್ರನ್ ಹೊಲಿಯಬೇಕಿತ್ತು, ನೆಪಕ್ಕೆ ಅಷ್ಟು ಸಾಕು. ಅಳತೆ ತೆಗೆದು ಮುಗಿಸಿ, ಹಿಟ್ಟಿನ ಮೂಟೆಯ ಮೇಲೆ ಕೂತು ಗಂಡನನ್ನೇ ನೋಡಿದಳು.

ಮಿಕ್ಸರು ನಿಂತಿತು. ಮಾಸ್ಟರ್ ಜೇಬಿನಿಂದ ಚಮಚ ತೆಗೆದು, ಕಲಸಿದ ಬೆಣ್ಣೆಗೆ ಅದ್ದಿ ಬಾಯಿಗಿಟ್ಟ. ಚಿಟಿಕೆ ಉಪ್ಪು ಹಾಕಿಸಿದ. ಮತ್ತೆ ಅದ್ದಿದ, ಮತ್ತೆ ಬಾಯಿಗಿಟ್ಟ. ಆಮೇಲೆ ಕೇಕಿನ ಕ್ರೀಮು. ಆಮೇಲೆ ಒಲೆಯಿಂದ ಬಂದ ಮೊದಲ ಟ್ರೇಯ ಬಿಸ್ಕತ್ತಿನ ಒಂದು ತುದಿ, ಎಡಗಡೆ ಶಾಖ ಹೆಚ್ಚು ಎಂದು ಎಡಗಡೆಯ ಬಿಸ್ಕತ್ತಿನ ಇನ್ನೊಂದು ತುದಿ. ಹನ್ನೊಂದು ಗಂಟೆಯ ಹೊತ್ತಿಗೆ ಟೈಲರಮ್ಮನ ತಾಳ್ಮೆ ಹರಿದುಹೋಯಿತು.

“ಏನ್ರೀ ಇದು?”

“ಯಾವ್ದು?”

“ಈಗ ಬಾಯಿಗೆ ಹಾಕ್ಕೊಂಡ್ರಲ್ಲ, ಅದು!”

“ಇದಾ?” ಮಾಸ್ಟರ್ ಚಮಚವನ್ನು ತಿರುಗಿಸಿ ನೋಡಿದ. “ಇದು ಕೆಲಸ ಕಣೇ. ತಿನ್ನೋದು ಅಂದ್ರೆ ತಟ್ಟೆ ಇಟ್ಕೊಂಡು ಕೂತು ತಿನ್ನೋದು.”

ಕೌಂಟರಿನ ಅಕ್ಕ ಅಲ್ಲಿಂದಲೇ ಸಾಕ್ಷಿ ನುಡಿದಳು. “ಹೌದಮ್ಮ, ನಾನೇ ನೋಡ್ತಿರ್ತೀನಿ. ಮಾಸ್ಟರ್ ಇಡೀ ದಿನ ಏನೂ ತಿನ್ನಲ್ಲ, ಪಾಪ.”

ಇಡೀ ಬೇಕರಿಗೇ ಬುದ್ಧಿ ಮಂಕಾಗಿದೆಯಲ್ಲ ದೇವರೇ! ಟೈಲರಮ್ಮ ಎದ್ದು, ಕಪಾಟಿನಿಂದ ಒಂದು ಗಾಜಿನ ಲೋಟ ತಂದು ಗಂಡನ ಮುಂದೆ ಕುಕ್ಕಿದಳು.

“ಇನ್ಮೇಲೆ ಬಾಯಿಗೆ ಎಷ್ಟು ಹಾಕ್ತೀರೋ ಅಷ್ಟೇ ಈ ಲೋಟಕ್ಕೂ ಹಾಕಿ. ಸಾಯಂಕಾಲ ನೋಡೋಣ.”

“ನಿಂಗೇನು ತಲೆ ಕೆಟ್ಟಿದ್ಯಾ?”

“ಕೆಟ್ಟಿದೆ. ಮೂರು ತಿಂಗಳಿಂದ ಉಪ್ಪುಖಾರ ಇಲ್ದಿರೋ ಬೇಯಿಸಿದ ತರಕಾರಿನ ನಿಮ್ಮ ಜೊತೆ ನಾನೂ ತಿಂದು ತಿಂದು ಕೆಟ್ಟಿದೆ. ಹಾಕಿ!”

ಅವಳ ಬಾಯಿ ಮುಚ್ಚಿದರೆ ಸಾಕೆಂದು ಮಾಸ್ಟರ್ ಹಾಕಿದ. ನಾಲ್ಕು ಗಂಟೆಗೆ ಲೋಟ ಕಂಠಮಟ್ಟ ತುಂಬಿತ್ತು. ಬೆಣ್ಣೆ, ಕ್ರೀಮು, ಬಿಸ್ಕತ್ತಿನ ಚೂರು, ಎಲ್ಲ ಸೇರಿ ಕರಗಿ ಜಿಡ್ಡುಗಟ್ಟಿ ನಿಂತಿತ್ತು. ಬೆಳಿಗ್ಗೆ ತಿಂದದ್ದು ಬೇರೆ, ಅದು ಲೆಕ್ಕಕ್ಕೇ ಬಂದಿರಲಿಲ್ಲ. ಮಾಸ್ಟರ್ ಲೋಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

“ಇಷ್ಟನ್ನ ಒಂದೇ ಸಲ ಕೊಟ್ರೆ ತಿಂತೀರಾ?”

“ಥೂ,” ಎಂದ.

“ಹಾಗಿದ್ರೆ ರುಚಿ ನೋಡಿ ಉಗುಳಿ.”

“ಅನ್ನ ಕೊಡೋ ವಸ್ತುನ ಉಗುಳೋದಾ? ನನ್ನ ಕೈಲಾಗಲ್ಲ.”

“ಬೇರೆಯವರ ಕೈಲಿ ನೋಡಿಸಿ.”

“ಇವರ ನಾಲಿಗೇನಾ? ಚರ್ಮ ಕಣೇ, ಚರ್ಮ! ರುಚಿ ನೋಡ್ದೆ ಕಳಿಸಿದ್ರೆ ಜನ ತಂದು ಮುಖಕ್ಕೆ ಎಸೀತಾರೆ.”

“ಎಸೀಲಿ. ಬದುಕಿದ್ರೆ ತಾನೇ ಮುಖ? ನೀವೂ ನಿಮ್ಮಣ್ಣನ ಹಾಗೆ ಮೆಟ್ಟಿಲ ಮೇಲೆ ಕೂತ್ಬಿಟ್ರೆ ನಾನೇನ್ರೀ ಮಾಡ್ಲಿ?”

ಮಾಸ್ಟರ್ ಚಮಚವನ್ನು ತೊಳೆದು, ಒರೆಸಿ, ಅವಳ ಕೈಗೆ ಕೊಟ್ಟ. ನಾಳೆಯಿಂದ ಎಲ್ಲವನ್ನೂ ಕಾಗದದಲ್ಲಿರುವಂತೆ ತಕ್ಕಡಿಯಲ್ಲಿ ತೂಗಿಯೇ ಹಾಕುತ್ತೇನೆ ಎಂದು ಒಪ್ಪಿಕೊಂಡ.

ಮರುದಿನ ಮಧ್ಯಾಹ್ನದ ತನಕ ಟೈಲರಮ್ಮ ಹೊಲಿದದ್ದೆಲ್ಲ ಸೊಟ್ಟ. ಮೂರು ಗಂಟೆಗೆ ಮನಸ್ಸು ತಡೆಯದೆ ಹೋಗಿ, ಗಂಡ ಒಳಗೆ ಒಲೆಯ ಮುಂದಿರುವಾಗ ಬೆಣ್ಣೆ ಬಿಸ್ಕತ್ತಿನ ಒಂದು ಪೊಟ್ಟಣ ಕೊಂಡು, ಬೀದಿಯ ತಿರುವಿನಲ್ಲಿ ನಿಂತು ಒಂದನ್ನು ಬಾಯಿಗೆ ಹಾಕಿಕೊಂಡಳು. ಉಪ್ಪು ಕಮ್ಮಿಯಿತ್ತು. ಹೆಚ್ಚೇನಲ್ಲ, ಒಂದು ಚಿಟಿಕೆ. ಆದರೆ ಆ ಚಿಟಿಕೆಯಿಲ್ಲದೆ ಬಿಸ್ಕತ್ತು ಬರೀ ಸಿಹಿ ಹಿಟ್ಟಾಗಿತ್ತು. ಈ ಮನುಷ್ಯ ಇಷ್ಟು ವರ್ಷ ಹೇಳಿದ್ದು ನಿಜವಾಗಿತ್ತಲ್ಲ ಎಂದು ಅವಳಿಗೆ ಸಿಟ್ಟೇ ಬಂತು.

ಸಂಜೆ ಮಾಸ್ಟರ್ ಬಂದು ಚಪ್ಪಲಿಯನ್ನೂ ಬಿಡದೆ ಕುರ್ಚಿಯ ಮೇಲೆ ಕೂತ.

“ಎಲ್ಲಾ ಖಾಲಿ,” ಎಂದ.

“ಒಳ್ಳೇದೇ ಆಯ್ತಲ್ಲ.”

“ಯಾರೂ ಏನೂ ಅನ್ಲಿಲ್ಲ ಕಣೇ. ಒಬ್ರೂ ಅನ್ಲಿಲ್ಲ. ದಿನಾ ಬರೋರೇ ಬಂದ್ರು, ತಗೊಂಡ್ರು, ತಿಂದ್ರು, ಹೋದ್ರು. ಮೂವತ್ತು ವರ್ಷ ನಾನು ಯಾರಿಗೋಸ್ಕರ ಒದ್ದಾಡ್ದೆ?”

ಅವಳು ಬಟ್ಟೆ ಮಡಿಸತೊಡಗಿದಳು. ಅವನು ತಟ್ಟನೆ ತಲೆಯೆತ್ತಿದ.

“ನೀನು ಬಂದು ಬಿಸ್ಕತ್ತು ತಗೊಂಡ್ ಹೋದೆ ಅಂತ ಕೌಂಟರಿನ ಅಕ್ಕ ಹೇಳಿದ್ಲು. ಉಪ್ಪು ಕಮ್ಮಿ ಇತ್ತು, ಅಲ್ವಾ? ನಂಗೆ ವಾಸನೇಲೇ ಅನುಮಾನ ಬಂದಿತ್ತು. ಹೇಳೇ, ಕಮ್ಮಿ ಇತ್ತು ತಾನೇ?”

ಆ ಮುಖದ ತುಂಬ ಆಸೆಯಿತ್ತು. ಹೌದು ಎಂಬ ಒಂದು ಮಾತು ಅವನಿಗೆ ಸಾಕಿತ್ತು. ಅದೇ ಒಂದು ಮಾತು ಸಾಕಿತ್ತು, ನಾಳೆ ಬೆಳಿಗ್ಗೆ ಚಮಚ ಮತ್ತೆ ಅವನ ಜೇಬು ಸೇರಲು.

“ಇಲ್ಲಪ್ಪ,” ಎಂದಳು ಟೈಲರಮ್ಮ, ಬಟ್ಟೆಯಿಂದ ಕಣ್ಣೆತ್ತದೆ. “ಸರಿಯಾಗೇ ಇತ್ತು. ನಂಗಂತೂ ಏನೂ ವ್ಯತ್ಯಾಸ ಗೊತ್ತಾಗ್ಲಿಲ್ಲ.”